ರುದ್ರನಾಟಕ ಮತ್ತು ಕಿರುತೆರೆ

ರಂಗಕ್ಕೆಂದು ಬರೆದ ದುರಂತ ನಾಟಕವನ್ನು ಟೆಲಿವಿಷನ್ನಿಗೆ ಒಗ್ಗಿಸುವ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಒಂದು ಗಟ್ಟಿಯಾದ ಹೆಸರಿಲ್ಲ. ಟೆಲಿನಾಟಕ ಎಂದವರಿದ್ದಾರೆ, ಟಿ.ವಿ. ನಾಟಕ ಎಂದವರಿದ್ದಾರೆ, ದೂರದರ್ಶನ ರೂಪಾಂತರ ಎಂದು ಉದ್ದಕ್ಕೆ ಬರೆದವರೂ ಇದ್ದಾರೆ. ಟ್ರ್ಯಾಜಿಡಿಗೆ ಮಾತ್ರ ಹೆಸರಿನ ಬಡತನವಿಲ್ಲ. ದುರಂತ ನಾಟಕ, ವಿಷಾದಾಂತ ನಾಟಕ, ರುದ್ರನಾಟಕ ಎಂಬ ಮೂರೂ ಚಾಲ್ತಿಯಲ್ಲಿವೆ. ಮೈಸೂರಿನ ಎಸ್.ವಿ. ರಂಗಣ್ಣ ಅವರು ಪಶ್ಚಿಮದ ನಾಟಕಗಳನ್ನು ಕುರಿತ ತಮ್ಮ ದೊಡ್ಡ ಗ್ರಂಥದಲ್ಲಿ ‘ಗಂಭೀರ ನಾಟಕ’ ಎಂಬ ನಾಲ್ಕನೆಯದನ್ನೂ ಬಳಕೆಗೆ ತಂದರು. ಒಂದು ಹೆಸರು ಕೊನೆಯನ್ನು ನೋಡುತ್ತದೆ, ಇನ್ನೊಂದು ರಸವನ್ನು, ಮತ್ತೊಂದು ನಾಟಕದ ತೂಕವನ್ನು. ಟೆಲಿವಿಷನ್ನಿಗೆ ಈ ಮೂರರಲ್ಲಿ ತೀರ ಇಕ್ಕಟ್ಟಾದದ್ದು ಮೊದಲನೆಯದು, ಅಂದರೆ ಕೊನೆ. ರುದ್ರನಾಟಕ ಮುಗಿಯಲೇಬೇಕು. ಧಾರಾವಾಹಿ ಮುಗಿಯಕೂಡದು.

ಕನ್ನಡದ ಮಟ್ಟಿಗೆ ಈ ಕಥೆಯನ್ನು ಸ್ಟುಡಿಯೊದಿಂದ ಶುರುಮಾಡಿದರೆ ಅರ್ಧ ಮಾತ್ರ ಕಾಣುತ್ತದೆ. ಮೈಸೂರಿನ ದಕ್ಷಿಣಕ್ಕೆ, ನಂಜನಗೂಡಿನ ಕಡೆ ಹೋಗುವ ರೈಲು ಹಳಿಯ ಮಗ್ಗುಲಲ್ಲಿರುವ ಅಶೋಕಪುರಂನಿಂದ ನೋಡುವುದು ಮೇಲು. ಹಿಂದೆ ಆದಿಕರ್ನಾಟಕಪುರಂ ಎಂದು ಕರೆಸಿಕೊಳ್ಳುತ್ತಿದ್ದ ಈ ದಲಿತ ಬಡಾವಣೆಯನ್ನು ಹೊರಗಿನವರು ರೈಲ್ವೆ ಕಾರ್ಯಾಗಾರದಿಂದಲೂ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಸಡಗರದಿಂದಲೂ ಗುರುತಿಸುತ್ತಾರೆ. ಇಂಥ ಬಡಾವಣೆಗಳಿಂದ ಹಿಡಿದು ನಂಜನಗೂಡು, ಟಿ. ನರಸೀಪುರ, ಮಂಡ್ಯದ ಹಳ್ಳಿಗಳವರೆಗೆ ಇವತ್ತಿಗೂ ಉಸಿರಾಡುತ್ತಿರುವ ರುದ್ರನಾಟಕವೆಂದರೆ ‘ಕುರುಕ್ಷೇತ್ರ’. ಊರವರೇ ಪಾತ್ರಧಾರಿಗಳು, ಹಾರ್ಮೋನಿಯಂ ಮೇಷ್ಟ್ರೇ ನಿರ್ದೇಶಕರು. ಪಾತ್ರ ಬೇಕಾದವರು ಅದಕ್ಕೆ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನ, ಭೀಮರ ದರ ಹೆಚ್ಚು, ವಿದುರನದು ಕಡಿಮೆ. ತಿಂಗಳುಗಟ್ಟಲೆ ರಾತ್ರಿ ಊಟವಾದ ಮೇಲೆ ಅಭ್ಯಾಸ ನಡೆಯುತ್ತದೆ, ಬಾಡಿಗೆಗೆ ಸೀನರಿ ಬರುತ್ತದೆ, ಕಿರೀಟ ಗದೆಗಳು ಪೆಟ್ಟಿಗೆಯಲ್ಲಿ ಇಳಿಯುತ್ತವೆ. ಕೊನೆಗೊಂದು ರಾತ್ರಿ ಪುರಭವನದಲ್ಲೋ ಕಲಾಮಂದಿರದಲ್ಲೋ ಊರ ಮುಂದಿನ ಬಯಲಲ್ಲೋ ಕಂದಪದ್ಯಗಳ ಮಳೆ.

ಈ ನಾಟಕಕ್ಕೂ ಟಿ.ವಿ.ಗೂ ನಂಟು ಬೆಳೆದದ್ದು ಮದುವೆ ವಿಡಿಯೊದವರ ಮೂಲಕ. ಪಾತ್ರಕ್ಕೆ ಹಣ ಕಟ್ಟಿದವನಿಗೆ ಅದರ ಗುರುತು ಬೇಡವೆ? ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ., ಈಗ ಯೂಟ್ಯೂಬ್. ಸ್ಥಳೀಯ ಕೇಬಲ್ಲಿನವರು ರಾತ್ರಿಯ ಖಾಲಿ ಹೊತ್ತಿಗೆ ಇವುಗಳನ್ನು ತುಂಬಿದ್ದೂ ಉಂಟು. ಕ್ಯಾಮೆರಾ ಒಂದೇ, ಪ್ರೇಕ್ಷಕರ ಹಿಂದೆ ಮೂರು ಕಾಲಿನ ಮೇಲೆ ನಿಂತಿರುತ್ತದೆ. ರಂಗದ ನಡುವೆ ಮೇಲಿನಿಂದ ಇಳಿಬಿಟ್ಟ ಮೈಕಿನ ತಂತಿ ದುರ್ಯೋಧನನ ಮುಖವನ್ನು ಸರಿಯಾಗಿ ಎರಡು ಮಾಡುತ್ತದೆ. ಹಾಡು ಬಂದಾಗ ಪಾತ್ರಧಾರಿ ಮೈಕಿನ ಕೆಳಕ್ಕೇ ಬಂದು ನಿಲ್ಲುತ್ತಾನೆ. ತೊಡೆ ಮುರಿಸಿಕೊಂಡು ಬಿದ್ದವನೂ ತೆವಳಿಕೊಂಡು ಮೈಕಿನ ಹತ್ತಿರಕ್ಕೇ ಬರುತ್ತಾನೆ. ಯಾರೋ ನೋಟಿನ ಹಾರ ಹಾಕಲು ಮೇಲೆ ಹತ್ತುತ್ತಾರೆ, ಸಾಯುತ್ತಿರುವ ಕೌರವೇಂದ್ರ ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡು ಮತ್ತೆ ಸಾಯಲು ತೊಡಗುತ್ತಾನೆ. ರಂಗದ ಮುಂದೆ ಕೂತವನಿಗೆ ಇದು ಅಭಾಸವೆನಿಸುವುದಿಲ್ಲ. ಅದೇ ದೃಶ್ಯವನ್ನು ಮನೆಯ ಟಿ.ವಿ.ಯಲ್ಲಿ ನೋಡಿದವನು ನಗುತ್ತಾನೆ. ರೂಪಾಂತರದ ಇಡೀ ಸಮಸ್ಯೆ ಆ ನಗೆಯಲ್ಲಿದೆ: ಜೊತೆಯಲ್ಲಿ ನೆರೆದ ಜನ ಒಪ್ಪಿಕೊಳ್ಳುವ ಕಟ್ಟುಪಾಡುಗಳನ್ನು ಒಂಟಿ ಕಣ್ಣಿನ ಪೆಟ್ಟಿಗೆ ಒಪ್ಪುವುದಿಲ್ಲ.

ದುರ್ಯೋಧನನ ಸಾವು ಕನ್ನಡಕ್ಕೆ ಹೊಸದಲ್ಲ. 10ನೇ ಶತಮಾನದ ಕೊನೆಯ ಭಾಗದ ರನ್ನ ‘ಸಾಹಸಭೀಮ ವಿಜಯ’ದಲ್ಲಿ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನ ಜೊತೆ ಸಮೀಕರಿಸಿದ. ಲೆಕ್ಕಕ್ಕೆ ಭೀಮನೇ ನಾಯಕ. ಆದರೆ ಓದುಗರ ಮನಸ್ಸು ತಮ್ಮಂದಿರೆಲ್ಲರನ್ನೂ ಗೆಳೆಯ ಕರ್ಣನನ್ನೂ ಕಳೆದುಕೊಂಡು ರಣರಂಗದಲ್ಲಿ ಹೆಣಗಳ ನಡುವೆ ಕಾಲೆಳೆಯುವವನ ಕಡೆಗೇ ವಾಲಿತು. ಸಂಸ್ಕೃತದ ನಾಟ್ಯಸಂಪ್ರದಾಯ ರಂಗದ ಮೇಲೆ ಸಾವನ್ನು ತೋರಿಸಲು ಹಿಂಜರಿಯುತ್ತಿತ್ತು. ಭಾಸನ ‘ಊರುಭಂಗ’ ಅದಕ್ಕೆ ಅಪರೂಪದ ಅಪವಾದ, ಅಲ್ಲಿಯೂ ಸಾಯುವವನು ಇದೇ ದುರ್ಯೋಧನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದೊಳಗೇ ಒಂದು ಗ್ರೀಕ್ ಮಾದರಿಯ ನಾಟಕ ಅಡಗಿದೆಯೆಂದು ಕಂಡು, 1926ರಲ್ಲಿ ‘ಗದಾಯುದ್ಧ ನಾಟಕಂ’ ಹೊರತಂದರು. ಅದರಲ್ಲಿ ಬಹುಪಾಲು ರನ್ನನ ಮಾತುಗಳೇ. ಶ್ರೀಯವರು ಮಾಡಿದ್ದು ಇಂದಿನ ಮಾತಿನಲ್ಲಿ ಹೇಳುವುದಾದರೆ ಎಡಿಟಿಂಗ್.

ಮೂರು ವರ್ಷದ ಮೇಲೆ ಅವರು ಇನ್ನೂ ಧೈರ್ಯದ ಕೆಲಸಕ್ಕೆ ಕೈಹಾಕಿದರು. ಸಾಫೊಕ್ಲಿಸ್‌ನ ‘ಅಯಾಸ್’ ನಾಟಕದಲ್ಲಿ ವೀರನೊಬ್ಬ ಅವಮಾನದಿಂದ ಬುದ್ಧಿ ಕೆಟ್ಟು, ದನಕರುಗಳನ್ನು ಶತ್ರುಗಳೆಂದು ಭ್ರಮಿಸಿ ಕಡಿದುಹಾಕಿ, ಎಚ್ಚರವಾದ ಮೇಲೆ ನಾಚಿಕೆಯಿಂದ ತನ್ನ ಕತ್ತಿಯ ಮೇಲೇ ಬಿದ್ದು ಸಾಯುತ್ತಾನೆ. ಶ್ರೀಯವರು ಆ ಹುಚ್ಚನ್ನೂ ಆ ಸಾವನ್ನೂ ತಂದು ಅಶ್ವತ್ಥಾಮನ ಮೇಲೆ ಹೇರಿದರು. 1929ರ ‘ಅಶ್ವತ್ಥಾಮನ್’ ಓದಿದವರಲ್ಲಿ ಹಲವರು ಬೆಚ್ಚಿದರು. ಸಪ್ತ ಚಿರಂಜೀವಿಗಳಲ್ಲಿ ಒಬ್ಬನಾದವನು ಸಾಯುವುದುಂಟೆ? ಶ್ರೀಯವರಿಗೆ ಪುರಾಣದ ವರಕ್ಕಿಂತ ನಾಟಕದ ನ್ಯಾಯ ದೊಡ್ಡದಾಗಿತ್ತು. ಇಂದು ಕಿರುತೆರೆಯಲ್ಲಿ ನಡೆಯುವುದು ಇದರ ತಿರುವುಮುರುವು: ಅಪಘಾತದಲ್ಲಿ ಸತ್ತ ಸಾಮಾನ್ಯ ಗುಮಾಸ್ತನೂ ಇನ್ನೂರು ಕಂತಿನ ಮೇಲೆ ಮುಖಕ್ಕೆ ಪಟ್ಟಿ ಸುತ್ತಿಕೊಂಡು ವಾಪಸು ಬರುತ್ತಾನೆ.

ಕೊನೆಯನ್ನು ಬದಲಿಸುವ ಚಾಳಿಯನ್ನು ಟಿ.ವಿ.ಯವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಷೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಮೊದಲ ದಿನಗಳಲ್ಲೇ ಅದು ಶುರುವಾಗಿತ್ತು. ಸಿ. ಆನಂದರಾಯರು 1889ರಲ್ಲಿ ‘ರೋಮಿಯೊ ಅಂಡ್ ಜೂಲಿಯಟ್’ ಅನ್ನು ‘ರಾಮವರ್ಮ ಲೀಲಾವತಿ’ ಮಾಡಿದಾಗ, ಸತ್ತ ಪ್ರೇಮಿಗಳು ದೈವಕೃಪೆಯಿಂದ ಎದ್ದು ಕೂತರು. ಮಂಗಳ ಹಾಡದೆ ಪರದೆ ಇಳಿಸುವುದು ಹೇಗೆ ಎಂಬುದು ಆ ಕಾಲದ ಅಳುಕು. ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದ ರಂಗಭೂಮಿಗೆ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಜೊತೆಗೆ ‘ಒಥೆಲೊ’ವನ್ನೂ ತಂದುಕೊಟ್ಟರು. ಇಂಗ್ಲಿಷ್ ಓದಿ ತಿಳಿಸಿದವರು ಸಿ. ಸುಬ್ಬರಾಯರು, ಕನ್ನಡವಾಗಿಸಿದವರು ಶಾಸ್ತ್ರಿಗಳು, ಹುಟ್ಟಿದ್ದು ‘ಶೂರಸೇನ ಚರಿತ್ರೆ’. ಡಿ.ವಿ. ಗುಂಡಪ್ಪನವರ ‘ಮ್ಯಾಕ್‌ಬೆತ್’, ಕುವೆಂಪು ಅವರು ‘ಹ್ಯಾಮ್ಲೆಟ್’ ಅನ್ನು ಬಿದನೂರಿನ ನೆಲಕ್ಕೆ ಇಳಿಸಿದ ‘ರಕ್ತಾಕ್ಷಿ’, ಪಿ. ಲಂಕೇಶರು ಅನುವಾದಿಸಿದ ಈಡಿಪಸ್ ಮತ್ತು ಅಂತಿಗೊನೆ, ಎಚ್.ಎಸ್. ಶಿವಪ್ರಕಾಶರು ‘ಮ್ಯಾಕ್‌ಬೆತ್’ನಿಂದ ಕಟ್ಟಿದ ‘ಮಾರನಾಯಕ’ ಎಲ್ಲವೂ ಆಮೇಲೆ ಬಂದವು. ‘ಮಾರನಾಯಕ’ವನ್ನು ಮೈಸೂರಿನ ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ ಸೆರೆಮನೆಯ ಕೈದಿಗಳಿಂದ ಆಡಿಸಿದರು. ಕೊಲೆಯ ಪಾಪ ಕೈಬಿಡದೆ ಕಾಡುವ ನಾಟಕವನ್ನು, ಜೀವಾವಧಿ ಶಿಕ್ಷೆಯಲ್ಲಿರುವವರ ಬಾಯಲ್ಲಿ ಕೇಳಿದ ಪ್ರೇಕ್ಷಕರಿಗೆ ಅದು ಬೇರೆಯೇ ನಾಟಕವಾಗಿ ಕೇಳಿಸಿತು.

ಮೈಸೂರಿನಲ್ಲಿ ನಾಟಕ ಮೊದಲು ಸೇರಿದ ಪೆಟ್ಟಿಗೆ ಟಿ.ವಿ.ಯದಲ್ಲ, ರೇಡಿಯೊದ್ದು. 1935ರ ಸೆಪ್ಟೆಂಬರ್ 10ರಂದು ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿದರು. ಇಡೀ ದೇಶಕ್ಕೆ ಆಮೇಲೆ ಹರಡಿದ ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ರುದ್ರನಾಟಕಕ್ಕೆ ಬಾನುಲಿ ಒಗ್ಗಿದಷ್ಟು ಚೆನ್ನಾಗಿ ಟಿ.ವಿ. ಎಂದೂ ಒಗ್ಗಲಿಲ್ಲ ಎನ್ನಬೇಕು, ಅದಕ್ಕೆ ಕಾರಣವೂ ಸ್ಪಷ್ಟ. ಗ್ರೀಕ್ ನಾಟಕದ ಘೋರವೆಲ್ಲ ನಡೆಯುವುದು ಅರಮನೆಯ ಬಾಗಿಲ ಹಿಂದೆ. ದೂತ ಓಡಿಬಂದು ಹೇಳುತ್ತಾನೆ, ಕೇಳಿದವರು ಕಲ್ಪಿಸಿಕೊಳ್ಳುತ್ತಾರೆ. ಕಿವಿಯ ಮಾಧ್ಯಮಕ್ಕೆ ಅದು ಹೇಳಿಮಾಡಿಸಿದಂಥದ್ದು. ಟಿ.ವಿ. ನಿರ್ದೇಶಕನ ಪಾಡು ಬೇರೆ. ದೂತ ಮಾತಾಡುತ್ತಿರುವಾಗ ಹೇಳುವವನ ಮುಖ ತೋರಿಸಬೇಕೆ, ಕೇಳುವವರ ಮುಖವೆ, ಇಲ್ಲ ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದನ್ನೇ ತೋರಿಸಿಬಿಡಬೇಕೆ? ಮೂರನೆಯದನ್ನು ಆರಿಸಿದವನು ಸಾಮಾನ್ಯವಾಗಿ ಸೋಲುತ್ತಾನೆ. ಕೆಂಪು ಬಣ್ಣ ಎಷ್ಟು ಸುರಿದರೂ ಅದು ದೂತನ ಮಾತಿಗೆ ಸಾಟಿಯಾಗುವುದಿಲ್ಲ.

ಹೊರಜಗತ್ತಿನ ಅನುಭವವೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಅಮೆರಿಕದ ಸ್ಕೆನೆಕ್ಟಡಿಯಲ್ಲಿ 1928ರಲ್ಲಿ ‘ದ ಕ್ವೀನ್ಸ್ ಮೆಸೆಂಜರ್’ ಎಂಬ ನಾಟಕ ಪ್ರಸಾರವಾದಾಗ ಕ್ಯಾಮೆರಾಗಳಿಗೆ ಒಂದು ಮುಖ ಅಥವಾ ಒಂದು ಜೊತೆ ಕೈ ಬಿಟ್ಟು ಹೆಚ್ಚಿನದು ಕಾಣುತ್ತಿರಲಿಲ್ಲ. ಹಾಗಾಗಿ ಮುಖಕ್ಕೆ ಇಬ್ಬರು ನಟರು, ಕೈಗಳಿಗೆ ಬೇರೆ ಇಬ್ಬರು. ಬ್ರಿಟನ್ನಿನ ಮೊದಲ ಟಿ.ವಿ. ನಾಟಕ 1930ರ ಜುಲೈಯಲ್ಲಿ ಬಂತು. ಬಿಬಿಸಿ ಮತ್ತು ಬೇರ್ಡ್ ಕಂಪನಿ ಸೇರಿ ಆರಿಸಿದ್ದು ಪಿರಾಂಡೆಲೊನ ಏಕಾಂಕ ‘ದ ಮ್ಯಾನ್ ವಿತ್ ದ ಫ್ಲವರ್ ಇನ್ ಹಿಸ್ ಮೌತ್’. ಸಾವು ಹತ್ತಿರವಾದವನೊಬ್ಬ ಹೋಟೆಲಿನಲ್ಲಿ ಅಪರಿಚಿತನ ಮುಂದೆ ಮಾತಾಡುತ್ತ ಕೂರುವುದಷ್ಟೇ ಅದರ ಕ್ರಿಯೆ. ಆರಿಸಿದ್ದು ಉಪಕರಣದ ಬಡತನಕ್ಕೆ ಹೆದರಿ, ಆದರೂ ಕೈಗೆ ಸಿಕ್ಕಿದ್ದು ಮಾಧ್ಯಮದ ಸ್ವಭಾವ. ಟಿ.ವಿ.ಗೆ ಯುದ್ಧಕ್ಕಿಂತ ಮುಖ ಹತ್ತಿರ.

ಇದನ್ನು ಚೆನ್ನಾಗಿ ಅರಿತವರು ಇಂಗ್ಲಿಷ್ ರಂಗನಿರ್ದೇಶಕ ಟ್ರೆವರ್ ನನ್. 1976ರಲ್ಲಿ ಸ್ಟ್ರಾಟ್‌ಫರ್ಡ್‌ನ ‘ದಿ ಅದರ್ ಪ್ಲೇಸ್’ ಎಂಬ ತಗಡಿನ ಶೆಡ್ಡಿನಂಥ ಪುಟ್ಟ ರಂಗದಲ್ಲಿ ಅವರು ‘ಮ್ಯಾಕ್‌ಬೆತ್’ ಆಡಿಸಿದರು. ಇಯಾನ್ ಮೆಕೆಲನ್ ಮ್ಯಾಕ್‌ಬೆತ್, ಜೂಡಿ ಡೆಂಚ್ ಅವನ ಹೆಂಡತಿ. 1979ರಲ್ಲಿ ಥೇಮ್ಸ್ ಟೆಲಿವಿಷನ್ನಿನಲ್ಲಿ ಪ್ರಸಾರವಾದ ಅದರ ಚಿತ್ರೀಕರಣಕ್ಕೆ ಕೋಟೆ ಕಟ್ಟಲಿಲ್ಲ, ಕುದುರೆ ತರಲಿಲ್ಲ, ಕಾಡನ್ನು ಹುಡುಕಿಕೊಂಡು ಹೊರಾಂಗಣಕ್ಕೆ ಹೋಗಲಿಲ್ಲ. ಸುತ್ತ ಗವ್ವೆನ್ನುವ ಕತ್ತಲೆ, ಅದರೊಳಗಿಂದ ಎದ್ದುಬರುವ ಮುಖಗಳು, ಅಷ್ಟೇ. ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಡೆಂಚ್ ತೆಗೆಯುವ ಉದ್ದನೆಯ ದನಿ ಮೊದಲು ಅಳುವಿನಂತೆ, ಆಮೇಲೆ ಮೃಗದಂತೆ, ಕೊನೆಗೆ ಬರಿಯ ಉಸಿರಿನಂತೆ ಕೇಳುತ್ತದೆ. ದೊಡ್ಡ ರಂಗಮಂದಿರದ ಹಿಂದಿನ ಸಾಲಿಗೆ ಅದರ ಮೂರನೆಯ ಪಾಲು ತಲುಪುತ್ತಿತ್ತೋ ಇಲ್ಲವೋ. ಸ್ವಗತದ ತೊಡಕೂ ಇಲ್ಲಿ ತಾನೇ ಬಿಡಿಸಿಕೊಂಡಿತು. ರಂಗದ ಮೇಲೆ ಪಾತ್ರ ತನ್ನೊಳಗಿನದನ್ನು ಸಭೆಗೆ ಕೂಗಿ ಹೇಳಬೇಕು, ಕ್ಯಾಮೆರಾದ ಮುಂದೆ ಪಿಸುಗುಟ್ಟಿದರೆ ಸಾಕು.

ಇದಕ್ಕೆ ಎದುರಾದ ದಾರಿ ಪೀಟರ್ ಹಾಲ್ ಅವರದು. 1981ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅವರು ಈಸ್ಕಿಲಸ್‌ನ ‘ಒರೆಸ್ಟಿಯಾ’ವನ್ನು ಗಂಡಸರಿಂದಲೇ, ಎಲ್ಲರಿಗೂ ಮುಖವಾಡ ತೊಡಿಸಿ ಆಡಿಸಿದರು. 1983ರಲ್ಲಿ ಅದನ್ನು ಚಾನೆಲ್ 4 ಪ್ರಸಾರ ಮಾಡಿತು. ಮುಖವಾಡಕ್ಕೆ ಕ್ಲೋಸಪ್ ಹಿಡಿದರೆ ಕಾಣುವುದು ಮುಖವಾಡವೇ. ದೂರದಿಂದ ಜೀವ ತಳೆಯುವ ವಸ್ತು ಹತ್ತಿರದಿಂದ ಬರಿಯ ವಸ್ತು. ಯಕ್ಷಗಾನವನ್ನು ಟಿ.ವಿ.ಯಲ್ಲಿ ನೋಡಿ ಬೇಸರಪಟ್ಟ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯ ಅಂಚಿನಲ್ಲಿ ಕೂತಾಗ ದೇವಲೋಕದಿಂದ ಇಳಿದಂತೆ ಕಾಣುವ ಬಣ್ಣದ ವೇಷ, ತೆರೆಯ ತುಂಬ ಬಂದಾಗ ಗಲ್ಲದ ಮೇಲೆ ಬಿರಿದ ಹಿಟ್ಟಾಗುತ್ತದೆ. ಮೈಸೂರು ರಂಗಾಯಣದ ಮೊದಲ ನಿರ್ದೇಶಕ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ತಂಡಕ್ಕೆ ‘ಬರ್ನಮ್ ವನ’ ಎಂಬ ಹೆಸರಿನಲ್ಲಿ ‘ಮ್ಯಾಕ್‌ಬೆತ್’ ಮಾಡಿಸಿದಾಗ ಯಕ್ಷಗಾನದ ಹೆಜ್ಜೆ, ಚಂಡೆಗಳನ್ನು ನೆಚ್ಚಿದ್ದರು. ನನ್ ಅವರದು ಟಿ.ವಿ.ಯಲ್ಲಿ ಬಂದದ್ದೂ ಅದೇ ವರ್ಷ. ಅದೇ ನಾಟಕ, ಎರಡು ತುದಿಗಳು: ಒಂದು ಕಡೆ ಬಯಲು ತುಂಬುವ ದೇಹ, ಇನ್ನೊಂದು ಕಡೆ ಕತ್ತಲೆಯಲ್ಲಿ ತೇಲುವ ಮುಖ.

ಕರ್ನಾಟಕದಲ್ಲಿ ದೂರದರ್ಶನ ಕಾಲೂರಿದ್ದು 1980ರ ದಶಕದಲ್ಲಿ. ಬೀದಿಗೊಂದೆರಡು ಪೆಟ್ಟಿಗೆ, ಅವುಗಳ ಮುಂದೆ ಬೀದಿಯೆಲ್ಲ. 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ಭಾನುವಾರದ ಬೆಳಗ್ಗೆ ಬಿ.ಆರ್. ಚೋಪ್ರಾ ಅವರ 94 ಕಂತುಗಳ ‘ಮಹಾಭಾರತ್’ ಬಂದಾಗ, ಹಿಂದಿ ಬಾರದ ಮನೆಗಳವರೂ ಅದನ್ನು ಬಿಡದೆ ನೋಡಿದರು. ಭಾಷೆ ಬೇಕಾಗಲಿಲ್ಲ, ಕಥೆ ‘ಕುರುಕ್ಷೇತ್ರ’ದಿಂದ ಬಾಯಿಪಾಠವಾಗಿತ್ತು. ಆಗಷ್ಟೇ ಒಂದು ಹೋಲಿಕೆ ಶುರುವಾಯಿತು, ಅದು ಹಳ್ಳಿ ನಾಟಕಗಳ ಮೇಲೆ ಇಂದಿಗೂ ಕೂತಿದೆ: ಕಿರೀಟದ ಆಕಾರ, ಗದೆಯ ಗಾತ್ರ, ಕೃಷ್ಣನ ಮುಗುಳ್ನಗೆ ಎಲ್ಲ ಟಿ.ವಿ.ಯಂತಾಗತೊಡಗಿದವು. ರೂಪಾಂತರ ಒಮ್ಮುಖ ಹರಿವಲ್ಲ. ಸ್ಟಾರ್ ಪ್ಲಸ್‌ನ 2013ರ ‘ಮಹಾಭಾರತ’ 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಾಗ, ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು ಬರಿದಾಗಿದ್ದ ಸಂಜೆಗಳನ್ನು ಅದು ಹಿಡಿದುಕೊಂಡಿತು. ದಶಕಗಳಿಂದ ಡಬ್ಬಿಂಗ್ ಬೇಡವೆನ್ನುತ್ತಿದ್ದ ಉದ್ಯಮದ ಬಾಗಿಲು ತೆರೆದದ್ದರಲ್ಲಿ ದುರ್ಯೋಧನನ ಗದೆಯ ಪಾಲೂ ಇದೆ. ಅದಕ್ಕೆ ಹಿಂದಿನ ವರ್ಷವೇ ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’ ಚಿತ್ರ ರನ್ನನನ್ನು ನೆಚ್ಚಿ ದರ್ಶನ್ ಅವರನ್ನು ದುರ್ಯೋಧನನಾಗಿಸಿತ್ತು. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ಹತ್ತಿಸಿದ್ದು ಕಣ್ಣಿಗೆ ಹಬ್ಬವಾಗಲೆಂದು. ಗ್ರಾಫಿಕ್ಸಿನ ಸೇನೆ ಅದೇ ಹಬ್ಬದ ಮುಂದುವರಿಕೆ.

ರನ್ನನಲ್ಲಿ ಆನೆ ಕುದುರೆಗಿಂತ ಟಿ.ವಿ.ಗೆ ಹೆಚ್ಚು ದಕ್ಕಬಹುದಾದ ಒಂದು ಗಳಿಗೆಯಿದೆ. ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತ ದುರ್ಯೋಧನ, ದಡದಿಂದ ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುತ್ತಾನೆ. ಕಂಪನಿ ನಾಟಕದಲ್ಲಿ ಇದನ್ನು ತೋರಿಸುವಂತಿಲ್ಲ. ನೀಲಿ ಬಟ್ಟೆಯನ್ನು ಇಬ್ಬರು ಅಲುಗಿಸುತ್ತಾರೆ, ಅದರ ಹಿಂದಿನಿಂದ ಪಾತ್ರಧಾರಿ ಎದ್ದು ನಿಂತು ಪದ ಹೇಳುತ್ತಾನೆ. ಸಿನಿಮಾ ತೋರಿಸುವುದಾದರೆ ಕೆರೆಯನ್ನೇ ತೋರಿಸುತ್ತದೆ. ಈ ಗಳಿಗೆಗೆ ಬೇಕಾದದ್ದು ಹಣೆ, ಹುಬ್ಬು, ಮೇಲ್ದುಟಿ ಮತ್ತು ಒಂದು ಹನಿ. ಅದು ನೀರಿನ ಹನಿಯೋ ಬೆವರಿನದೋ ನೋಡುವವನೇ ತೀರ್ಮಾನಿಸಬೇಕು. ಎಪ್ಪತ್ತು ಸೆಕೆಂಡು ಕ್ಯಾಮೆರಾ ಅಲುಗದೆ ನಿಂತರೆ ಸಾಕು. ವಾರಕ್ಕೆ ಐದೋ ಆರೋ ಕಂತು ತೆಗೆಯುವ ಧಾರಾವಾಹಿಯ ಸೆಟ್ಟಿನಲ್ಲಿ ಆ ಎಪ್ಪತ್ತು ಸೆಕೆಂಡು ಯಾರ ಹತ್ತಿರವೂ ಇರುವುದಿಲ್ಲ. ಅಲ್ಲಿ ಮುಖಕ್ಕೆ ಮೂರು ಸಲ ಸಿಡಿಲಿನ ಸದ್ದು ಹೊಡೆದು ಮುಂದಕ್ಕೆ ಹೋಗುತ್ತಾರೆ.

ಟಿ.ವಿ.ಗೆ ರಂಗಭೂಮಿಯಿಂದ ಹೋದದ್ದು ನಾಟಕಗಳಿಗಿಂತ ಹೆಚ್ಚಾಗಿ ಜನ. ನೀನಾಸಮ್, ರಂಗಾಯಣ, ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಪಳಗಿದವರು ಅಪ್ಪ, ಮಾವ, ವಕೀಲ, ಕಾರ್ಯಸ್ಥರಾಗಿ ಮನೆಮನೆಗೆ ಬಂದರು. 1998ರ ‘ಮಾಯಾಮೃಗ’ದ ಹಿಂದಿದ್ದ ಟಿ.ಎನ್. ಸೀತಾರಾಮ್ ಸ್ವತಃ ‘ಆಸ್ಫೋಟ’ ಬರೆದ ನಾಟಕಕಾರರು. ಅವರ ಧಾರಾವಾಹಿಗಳ ಕಟಕಟೆಯ ದೃಶ್ಯಗಳಲ್ಲಿ ನಾಟಕದ ವಾದ–ಪ್ರತಿವಾದದ ಗತ್ತು ಉಳಿದದ್ದು ಆಕಸ್ಮಿಕವಲ್ಲ. ಮೈಸೂರಿನವರೇ ಆದ ಎಂ.ಎಸ್. ಸತ್ಯು, ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ‘ಅಂತಿಮ್ ರಾಜಾ’ ಎಂದು ಹಿಂದಿಯಲ್ಲಿ ಧಾರಾವಾಹಿ ಮಾಡಿದರು. ಮೂಲ ನಾಟಕವಲ್ಲ, ಕಾದಂಬರಿ. ಆದರೂ ತನ್ನ ಕೇಡನ್ನು ತಾನೇ ಅಟ್ಟಿಕೊಂಡು ಹೋಗುವ ಕೊಡಗಿನ ಕೊನೆಯ ಅರಸನ ಕಥೆ ರುದ್ರನಾಟಕದ ಎಲುಬುಳ್ಳದ್ದು, ಅದರ ಕೊನೆಯನ್ನು ಇತಿಹಾಸವೇ ಬರೆದಿಟ್ಟಿದ್ದರಿಂದ ಯಾವ ಚಾನೆಲ್ಲೂ ಎಳೆಯುವಂತಿರಲಿಲ್ಲ. ಗಿರೀಶ ಕಾರ್ನಾಡರು ಕೀರ್ತಿನಾಥ ಕುರ್ತಕೋಟಿ ಅವರ ‘ಆ ಮನಿ’ ನಾಟಕವನ್ನು 1984ರಲ್ಲಿ ‘ವೋ ಘರ್’ ಎಂಬ ಹಿಂದಿ ಚಿತ್ರವಾಗಿಸಿದರು. ಕನ್ನಡದ ಗಂಭೀರ ನಾಟಕ ತೆರೆಗೆ ಹೋಗುವಾಗ ಹಿಂದಿಯ ಬಾಗಿಲನ್ನೇ ಹೆಚ್ಚಾಗಿ ತಟ್ಟಿದ್ದರ ಹಿಂದೆ ದುಡ್ಡಿನ ಲೆಕ್ಕವಿದೆ. ದೆಹಲಿಯ ಮಂಡಿಹೌಸಿನಿಂದ ನಡೆಯುತ್ತಿದ್ದ ದೂರದರ್ಶನದ ರಾಷ್ಟ್ರೀಯ ಪ್ರಸಾರಕ್ಕಿದ್ದ ಕೈಧಾರಾಳ ಪ್ರಾದೇಶಿಕ ಕೇಂದ್ರಗಳಿಗಿರಲಿಲ್ಲ. ಉದಯ (1994), ಈಟಿವಿ (2000), ಜೀ (2006) ಬಂದ ಮೇಲೆ ದುಡ್ಡು ಬಂತು, ಒಂದೇ ರಾತ್ರಿಯಲ್ಲಿ ಮುಗಿಯುವ ನಾಟಕಕ್ಕೆ ಜಾಗ ಹೋಯಿತು.

ಗ್ರೀಕ್ ನಾಟಕದ ಮೇಳದ, ಅಂದರೆ ಕೋರಸ್ಸಿನ, ಪ್ರಶ್ನೆ ಇನ್ನೂ ಜಟಿಲ. ಹನ್ನೆರಡು ಹದಿನೈದು ಜನ ಒಂದೇ ದನಿಯಲ್ಲಿ ಮಾತಾಡುವುದನ್ನು ಟಿ.ವಿ. ಚೌಕಟ್ಟಿಗೆ ಹೇಗೆ ತುಂಬಿಸುವುದು? 1986ರಲ್ಲಿ ಡಾನ್ ಟೇಲರ್ ಬಿಬಿಸಿಗಾಗಿ ಸಾಫೊಕ್ಲಿಸ್‌ನ ಮೂರು ಥೀಬ್ಸ್ ನಾಟಕಗಳನ್ನು ತಾವೇ ಅನುವಾದಿಸಿ ನಿರ್ದೇಶಿಸಿದಾಗ ಮೇಳವನ್ನು ಕೈಬಿಡದೆ ಸ್ಟುಡಿಯೊದೊಳಗೇ ನಿಲ್ಲಿಸಿದರು. ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಉತ್ತರ ನಂಜನಗೂಡಿನ ಸೀಮೆಯಿಂದ, ಅಂದರೆ ಅಶೋಕಪುರಂನಿಂದ ಹೊರಡುವ ಹಳಿಯ ಗುಂಟ ಸಿಗುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮೇಲುಜಾತಿಯ ಕುಸುಮಳನ್ನು ಒಲಿದ ದಲಿತ ಹುಡುಗ ಚನ್ನನ ಕೊಲೆಯಾಗುತ್ತದೆ. ಅದನ್ನು ನೆಟ್ಟಗೆ ಹೇಳುವವರಿಲ್ಲ. ರಾತ್ರಿ ಮನೆಗಳ ದೀಪಗಳು ಜೋತಮ್ಮಗಳಾಗಿ ಹೊರಬಂದು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹಂಚಿಕೊಳ್ಳುತ್ತವೆ, ಮಂಚ ಮಾತಾಡುತ್ತದೆ. ಥೀಬ್ಸಿನ ಹಿರಿಯರ ಮೇಳ ಮಾಡುವ ಕೆಲಸವನ್ನು ಇಲ್ಲಿ ಜೋತಮ್ಮಗಳು ಮಾಡುತ್ತವೆ: ಊರು ನೋಡಿದೆ, ಊರು ಬಲ್ಲದು, ಊರು ತಡೆಯಲಿಲ್ಲ. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಾಯಣ ಇದನ್ನು ರಂಗಕ್ಕೆ ತಂದಾಗ ನಟರ ಮೈಯೇ ದೀಪವಾಗಬಹುದಿತ್ತು. ಟಿ.ವಿ.ಗೆ ಒಯ್ದರೆ ಮೊದಲು ಕಾಡುವ ಆಮಿಷವೆಂದರೆ ದೀಪಕ್ಕೆ ಕಣ್ಣು ಬಾಯಿ ಅಂಟಿಸುವುದು. ಆ ಆಮಿಷ ಗೆದ್ದ ದಿನ ‘ಕುಸುಮಬಾಲೆ’ ಮಕ್ಕಳ ಕಾರ್ಟೂನ್ ಆದೀತು. ದೀಪವನ್ನು ದೀಪವಾಗಿಯೇ ಬಿಟ್ಟು, ನಂಜನಗೂಡಿನ ಮಾತಿನ ವರಸೆಯನ್ನು ಪ್ರಮಾಣಿತ ಕನ್ನಡಕ್ಕೆ ತಿದ್ದದೆ ದನಿಯಾಗಿ ಕೇಳಿಸಿದರೆ ಅರ್ಧ ಯುದ್ಧ ಗೆದ್ದಂತೆ. ಕಿರುತೆರೆಯ ‘ಗ್ರಾಮ್ಯ’ ಎಂಬ ತಯಾರಿ ಭಾಷೆ ಮೈಸೂರು ಸೀಮೆಯವರ ಬಾಯಲ್ಲಿ ಎಂದೂ ಇರಲಿಲ್ಲ.

ಕುವೆಂಪು ಅವರ ನಾಟಕಗಳದು ಮತ್ತೊಂದು ಬಗೆಯ ತಕರಾರು. ಮರಗಳು, ಮೃತ್ಯು, ಪ್ರೇತಗಳು ಪಾತ್ರಗಳಾಗುವ ತಮ್ಮ ನಾಟಕಗಳಿಗೆ ಅವರು ಒಪ್ಪಿದ ರಂಗ ‘ಮನೋರಂಗ’. 1931ರ ‘ಸ್ಮಶಾನ ಕುರುಕ್ಷೇತ್ರಂ’ ಯುದ್ಧ ಮುಗಿದ ಮೇಲಿನ ಹೆಣಗಳ ಬಯಲಿನಲ್ಲಿ ನಡೆಯುತ್ತದೆ. ಅಲ್ಲಿ ರಾಜರ ಜೊತೆಗೆ ಹೆಸರಿಲ್ಲದ ಸೈನಿಕರೂ ಅವರಿಗಾಗಿ ಅಳುವವರೂ ಇದ್ದಾರೆ. 1944ರ ‘ಶೂದ್ರ ತಪಸ್ವಿ’ಯಲ್ಲಿ ಅವರು ಶಂಬೂಕನನ್ನು ಸಾಯಲು ಬಿಡಲಿಲ್ಲ. ರಾಮ ಬಿಟ್ಟ ಅಸ್ತ್ರ ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ, ಅವನ ಗರ್ವ ಕರಗುತ್ತದೆ. ಮೂಲಕಥೆಯನ್ನು ಹೀಗೆ ತಿದ್ದಬಹುದೆ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಮೂರು ವರ್ಷದ ಮೇಲೆ ಬಂದ ‘ಬೆರಳ್‌ಗೆ ಕೊರಳ್’ನಲ್ಲಿ ಮಾತ್ರ ಏಕಲವ್ಯನ ಹೆಬ್ಬೆರಳು ಉಳಿಯಲಿಲ್ಲ. ಹೀಗೆ ಕೊನೆ ತಿದ್ದುವುದೆಲ್ಲ ಒಂದೇ ಜಾತಿಯದಲ್ಲ. ಆನಂದರಾಯರ ಪ್ರೇಮಿಗಳು ಬದುಕಿದ್ದು ನೋಡುವವರು ನಗುತ್ತ ಮನೆಗೆ ಹೋಗಲೆಂದು. ಶಂಬೂಕ ಬದುಕಿದ್ದು ನೋಡುವವರು ನೆಮ್ಮದಿಯಿಂದ ಹೋಗದಿರಲೆಂದು. ಆ ಎರಡನೆಯ ಬಗೆಯ ತಿದ್ದುಪಡಿಯನ್ನು ಕಿರುತೆರೆಗೆ ತಂದರೆ ಅಶೋಕಪುರಂನಲ್ಲಿ ಅದನ್ನು ನೋಡುವ ಕಣ್ಣೇ ಬೇರೆ, ನಗರದ ಅಗ್ರಹಾರದಲ್ಲಿ ನೋಡುವ ಕಣ್ಣೇ ಬೇರೆ. ರಂಗಮಂದಿರಕ್ಕೆ ಟಿಕೆಟು ಕೊಂಡು ಬರುವವರು ಒಂದು ಮಟ್ಟಿಗೆ ಒಂದೇ ಗುಂಪು. ಟಿ.ವಿ. ಒಂದೇ ಹೊತ್ತಿಗೆ ಎರಡೂ ಮನೆಯೊಳಗೆ ಇರುತ್ತದೆ.

ಟಿ.ವಿ.ಯನ್ನೇ ರಂಗದ ಮೇಲೆ ತಂದು ಕೂರಿಸಿ ಈ ಲೆಕ್ಕವನ್ನೆಲ್ಲ ತಿರುಗಿಸಿಹಾಕಿದ್ದು ಕಾರ್ನಾಡರ ‘ಒಡಕಲು ಬಿಂಬ’. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಕೆ.ಎಂ. ಚೈತನ್ಯ ಅವರ ಜೊತೆಗೂಡಿ ಕಾರ್ನಾಡರೇ ನಿರ್ದೇಶಿಸಿದ ಈ ನಾಟಕದಲ್ಲಿ ಅರುಂಧತಿ ನಾಗ್ ಒಬ್ಬರೇ ನಟಿ. ಮಂಜುಳಾ ನಾಯಕ್ ಎಂಬ ಲೇಖಕಿ ಟಿ.ವಿ. ಸ್ಟುಡಿಯೊದಲ್ಲಿ ಭಾಷಣ ಮುಗಿಸಿ ಎದ್ದು ಹೊರಡುತ್ತಾಳೆ. ಪರದೆಯ ಮೇಲಿನ ಅವಳ ಬಿಂಬ ಹೊರಡುವುದಿಲ್ಲ. ಅದು ಪ್ರಶ್ನೆ ಕೇಳತೊಡಗುತ್ತದೆ, ತಂಗಿಯ ಬಗ್ಗೆ, ಗಂಡನ ಬಗ್ಗೆ, ಪುಸ್ತಕ ನಿಜಕ್ಕೂ ಯಾರದು ಎಂಬ ಬಗ್ಗೆ. ಬಿಂಬದ ಮಾತು ಮೊದಲೇ ಚಿತ್ರಿಸಿಟ್ಟದ್ದು, ಆದ್ದರಿಂದ ಪ್ರತಿ ಪ್ರದರ್ಶನದಲ್ಲೂ ಅದು ಅಷ್ಟೇ ಕ್ಷಣಕ್ಕೆ ಅಷ್ಟೇ ಮಾತಾಡುತ್ತದೆ. ಜೀವಂತ ನಟಿ ಉಸಿರು ತಪ್ಪಿದರೆ, ಒಂದು ಮಾತು ಮರೆತರೆ, ಸಭೆ ನಕ್ಕಿತೆಂದು ಅರೆಕ್ಷಣ ಕಾದರೆ ಬಿಂಬ ಕಾಯುವುದಿಲ್ಲ. ಈಡಿಪಸ್‌ನ ವಿಧಿಯನ್ನು ಗ್ರೀಕರು ದೈವವಾಣಿಯ ಬಾಯಲ್ಲಿ ಇಟ್ಟರು. ಇಲ್ಲಿ ವಿಧಿ ರೆಕಾರ್ಡ್ ಆಗಿ ಕೂತಿದೆ.

ಇತ್ತ ಮೈಸೂರು ಸೀಮೆಯ ‘ಕುರುಕ್ಷೇತ್ರ’ದ ವಿಡಿಯೊಗಳು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಉದ್ದಕ್ಕೆ ಬಿದ್ದಿವೆ. ಕತ್ತರಿ ಆಡಿಸಿಲ್ಲ, ಹಿನ್ನೆಲೆ ಸದ್ದು ತುಂಬಿಲ್ಲ. ಹಾರ್ಮೋನಿಯಂ ಮೇಷ್ಟ್ರು ಮಟ್ಟು ಎತ್ತಿಕೊಟ್ಟು ಪಾತ್ರಧಾರಿಯ ಕಡೆ ನೋಡುವುದು, ಪರದೆ ಅರ್ಧಕ್ಕೆ ಸಿಕ್ಕಿಕೊಂಡಾಗ ವಿಂಗಿನಿಂದ ಒಂದು ಕೈ ಬಂದು ಎಳೆಯುವುದು ಎಲ್ಲ ಹಾಗೇ ಇದೆ. ಊರಿಗೆ ಊರೇ ಅದನ್ನು ಮೊಬೈಲಿನಲ್ಲಿ ಹಂಚಿಕೊಳ್ಳುತ್ತದೆ, ತಮ್ಮವನ ಪಾತ್ರ ಬರುವ ಗಂಟೆ–ನಿಮಿಷವನ್ನು ಕೆಳಗೆ ಬರೆದಿಟ್ಟು. ಇಂಥ ವಿಡಿಯೊಗಳ ಕೊನೆಯ ಅರ್ಧ ಗಂಟೆಗೆ ಬರುವ ಹೊತ್ತಿಗೆ ಬಯಲಿನ ಹಿಂದೆ ಬೆಳಕು ಹರಿದಿರುತ್ತದೆ, ಮುಂದಿನ ಸಾಲಿನ ಮಕ್ಕಳು ಚಾಪೆಯ ಮೇಲೆ ಅಡ್ಡಾಗಿರುತ್ತಾರೆ. ದುರ್ಯೋಧನನ ಗಲ್ಲದ ಬಣ್ಣ ಬೆವರಿನಲ್ಲಿ ಇಳಿದು ಕತ್ತಿನವರೆಗೆ ಬಂದಿರುತ್ತದೆ. ಅವನು ಮೈಕಿನ ಕೆಳಗೆ ಕೂತು ಕೊನೆಯ ಪದ ಎತ್ತಿಕೊಳ್ಳುತ್ತಾನೆ.